ವರ್ಜೀನಿಯಾದಲ್ಲಿ ಗುಲಾಮಗಿರಿ ಬೇರೂರಿದ ಕಥೆ ಓದುವುದು ಹೇಗೆ

ವಿಜಯನಗರದ ಕೋಚಿಂಗ್ ಕ್ಲಾಸಿನಲ್ಲಿ ಕೂತು ಸುಮ್ನೆ 1619 (ಅಮೆರಿಕದಲ್ಲಿ ಇಂಗ್ಲಿಷರ ವಸಾಹತಾಗಿದ್ದ ವರ್ಜೀನಿಯಾಕ್ಕೆ ಆಫ್ರಿಕಾದವರನ್ನು ಮೊದಲು ಹಿಡಿದು ತಂದ ವರ್ಷ) ಅಂತ ಬಾಯಿಪಾಠ ಮಾಡುವವರಿಗೆ ಒಂದು ಮಾತು: ಇಸವಿ ಆಮೇಲೆ, ಮೊದಲು ಹೊಲ ನೋಡಿ. ಅಲ್ಲಿ ಬೆಳೆಯುತ್ತಿದ್ದದ್ದು ಹೊಗೆಸೊಪ್ಪು. ಅದಕ್ಕೆ ಆಳು ಜಾಸ್ತಿ ಬೇಕು. ಮೊದಮೊದಲು ಇಂಗ್ಲೆಂಡಿನ ಬಡವರೇ ಹಡಗಿನ ಖರ್ಚಿಗೆ ಬದಲಾಗಿ ಕೆಲವು ವರ್ಷ ದುಡಿಯುವ ಕರಾರು ಮಾಡಿಕೊಂಡು ಬರುತ್ತಿದ್ದರು, ಅವಧಿ ಮುಗಿದರೆ ಬಿಡುಗಡೆ. ನಮ್ಮ ಜೀತ ನೆನಪಾಗುತ್ತದೆ ಅಲ್ವಾ? ಆದರೆ ಎರಡೂ ಒಂದೇ ಅಂತ ಉತ್ತರದಲ್ಲಿ ಬರೆಯಬೇಡಿ.

ಈಗ ಒಂದು ಹಾಳೆಯಲ್ಲಿ ಕೋರ್ಟಿನ ತೀರ್ಪು, ಕಾನೂನುಗಳನ್ನು ಸಾಲಾಗಿ ಬರೆಯಿರಿ, ಅಸಲಿ ಕಥೆ ಅಲ್ಲೇ ಇದೆ. 1640ರಲ್ಲಿ ಓಡಿಹೋಗಿ ಸಿಕ್ಕಿಬಿದ್ದ ಮೂವರು ಆಳುಗಳಲ್ಲಿ ಯೂರೋಪಿನ ಇಬ್ಬರಿಗೆ ನಾಲ್ಕು ವರ್ಷ ಹೆಚ್ಚು ದುಡಿಮೆ, ಆಫ್ರಿಕಾ ಮೂಲದ ಜಾನ್ ಪಂಚ್‌ಗೆ ಜೀವಮಾನವಿಡೀ. 1662ರಲ್ಲಿ, ತಾಯಿ ಗುಲಾಮಳಾದರೆ ಮಗುವೂ ಗುಲಾಮ ಅಂದರು. ಇಲ್ಲಿ ಸ್ವಲ್ಪ ನಿಲ್ಲಿ. ಇಂಗ್ಲೆಂಡಿನ ರೂಢಿಯಲ್ಲಿ ಮಗುವಿನ ಸ್ಥಾನ ತಂದೆಯಿಂದ ಬರುತ್ತಿತ್ತು. ಅದನ್ನು ತಿರುಗಿಸಿದ ಮೇಲೆ ಒಡೆಯ ತನಗೇ ಹುಟ್ಟಿದ ಮಗುವನ್ನೂ ಆಸ್ತಿಯ ಲೆಕ್ಕಕ್ಕೆ ಸೇರಿಸಬಹುದಾಯಿತು. ಎಂಥ ಲೆಕ್ಕಾಚಾರ ನೋಡಿ! 1667ರಲ್ಲಿ ಕ್ರೈಸ್ತರಾದರೂ ಬಿಡುಗಡೆ ಇಲ್ಲ ಅಂತ ಆಯಿತು. 1705ರಲ್ಲಿ ಎಲ್ಲ ಸೇರಿಸಿ ಒಂದು ದೊಡ್ಡ ಕಾಯ್ದೆ.

ಟೈಮ್ ಇದ್ದರೆ ಪಕ್ಕದಲ್ಲೇ ಇಂಗ್ಲಿಷರದೇ ಇನ್ನೊಂದು ವಸಾಹತು, ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನ 1661ರ ಗುಲಾಮರ ಕಾಯ್ದೆಯನ್ನೂ ಬರೆದಿಟ್ಟುಕೊಳ್ಳಿ. ಅಲ್ಲಿ ಹೊಗೆಸೊಪ್ಪಲ್ಲ, ಕಬ್ಬು.