ಸೋತ ಮೇಲಿನ ಹತ್ತು ನಿಮಿಷ

ನಾಕೌಟ್ ಟೂರ್ನಿಯಲ್ಲಿ 32 ಜನ ಆಡಿದರೆ 31 ಜನ ಸೋತೇ ಮನೆಗೆ ಹೋಗುತ್ತಾರೆ. ಅವರಲ್ಲಿ 16 ಜನ ಮೊದಲ ಸುತ್ತಿನಲ್ಲೇ. ನಾನು ಬ್ಯಾಡ್ಮಿಂಟನ್ ಆಡುವವನು. ನಾವು ಬೆವರು ಸುರಿಸುವುದೆಲ್ಲ ಗೆಲ್ಲುವುದಕ್ಕೆ, ಟೂರ್ನಿ ಮುಗಿಯುವುದು ಮಾತ್ರ ಹೆಚ್ಚಿನ ಸಲ ಸೋಲಿನಲ್ಲೇ. ಹಾಗಿದ್ದ ಮೇಲೆ ಸೋಲುವುದನ್ನೂ ಸ್ವಲ್ಪ ಅಭ್ಯಾಸ ಮಾಡಬೇಕಲ್ವಾ?

ನಾನು ಮಾಡಿಕೊಂಡಿರುವ ಅಭ್ಯಾಸ ಸಣ್ಣದು. ಕೊನೆಯ ಶಟಲ್ ಬಿದ್ದ ಮೇಲಿನ ಹತ್ತು ನಿಮಿಷ ಏನು ಮಾಡಬೇಕು ಅಂತ ಆಟಕ್ಕೆ ಮುಂಚೆಯೇ ಗೊತ್ತು ಮಾಡಿಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ಮನಸ್ಸಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಕೈ, ಕಾಲು, ಬಾಯಿ ಹೇಳಿದ ಮಾತು ಕೇಳುತ್ತವೆ. ಅದಕ್ಕೇ ನೆಟ್ ಹತ್ತಿರ ಮೊದಲು ನಾನೇ ಹೋಗುತ್ತೇನೆ. ಕೈ ಕುಲುಕುವಾಗ ಮುಖ ನೋಡುತ್ತೇನೆ. ‘ಚೆನ್ನಾಗಿ ಆಡಿದ್ರಿ’ ಅಂದರೆ ಶಾಸ್ತ್ರಕ್ಕೆ ಅಂದ ಹಾಗಿರುತ್ತದೆ. ‘ನಿಮ್ಮ ಡ್ರಾಪ್ ಎಲ್ಲಿ ಬೀಳುತ್ತೆ ಅಂತಾನೇ ಗೊತ್ತಾಗ್ಲಿಲ್ಲ’ ಅನ್ನುತ್ತೇನೆ, ಅದು ನಿಜವಾಗಿದ್ದರೆ ಮಾತ್ರ. ಹೀಗೆ ಒಂದು ನಿಜ ಹುಡುಕುವಾಗಲೇ ನಾನು ಯಾಕೆ ಸೋತೆ ಅನ್ನುವುದಕ್ಕೆ ಅರ್ಧ ಉತ್ತರ ಸಿಕ್ಕಿರುತ್ತದೆ. ಆಮೇಲೆ ಅಂಪೈರ್‌ಗೂ ಕೈ ಕೊಡಬೇಕು. ಲೈನ್ ಕಾಲ್ ತಪ್ಪು ಅನ್ನಿಸಿದ ದಿನವೂ. ಆ ದಿನ ಕಷ್ಟ, ಸುಳ್ಳು ಹೇಳುವುದಿಲ್ಲ.

ಹೊರಗೆ ಬಂದಾಗ ‘ಏನಾಯ್ತು?’ ಅಂತ ಕೇಳುವವರು ಇದ್ದೇ ಇರುತ್ತಾರೆ. ಸ್ಕೋರ್ ಹೇಳಿ ಸುಮ್ಮನಾಗುತ್ತೇನೆ. ಮಂಡಿ ನೋಯುತ್ತಿತ್ತು, ಲೈಟ್ ಕಣ್ಣಿಗೆ ಹೊಡೆಯುತ್ತಿತ್ತು ಅನ್ನುವುದೆಲ್ಲ ನಿಜವಿದ್ದರೂ ಅವತ್ತು ಬೇಡ. ‘ಸೋಲೇ ಗೆಲುವಿನ ಮೆಟ್ಟಿಲು’ ಅಂತ ಯಾರಾದರೂ ಶುರು ಮಾಡಿದರೆ ನಗುತ್ತೇನೆ. ಒಳಗೆ ರೇಗುತ್ತದೆ, ಅದು ಬೇರೆ ವಿಷಯ.

ಡಬಲ್ಸ್ ಇನ್ನೂ ಸೂಕ್ಷ್ಮ. ಮ್ಯಾಚ್ ಪಾಯಿಂಟ್‌ನಲ್ಲಿ ಜೊತೆಗಾರನ ಸರ್ವ್ ನೆಟ್‌ಗೆ ಬಿತ್ತು ಅಂದುಕೊಳ್ಳಿ. ನಾವು ಒಂದು ಮಾತೂ ಆಡಬೇಕಿಲ್ಲ. ಇಳಿದ ಭುಜ, ಒಂದು ನಿಟ್ಟುಸಿರು ಸಾಕು, ಅವನಿಗೆ ಎಲ್ಲ ತಲುಪಿಬಿಡುತ್ತದೆ. ಅದಕ್ಕೇ ಮೊದಲು ಅವನ ಹತ್ತಿರ ಹೋಗಿ ರಾಕೆಟ್‌ಗೆ ರಾಕೆಟ್ ತಾಗಿಸುತ್ತೇನೆ, ಆಮೇಲೆ ಇಬ್ಬರೂ ಒಟ್ಟಿಗೇ ನೆಟ್ ಕಡೆ ನಡೆಯುತ್ತೇವೆ. ಕೊನೆಯ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ಮುಂಚೆ ಎದುರಾಳಿಗಳಿಗೆ ಹೋದ 20 ಪಾಯಿಂಟ್‌ಗಳಲ್ಲಿ ನನ್ನ ಪಾಲು ಎಷ್ಟು ಅಂತ ನನಗೆ ಗೊತ್ತಿರುತ್ತದೆ.

2016ರ ರಿಯೊ ಒಲಿಂಪಿಕ್ಸ್ ಫೈನಲ್ ನೋಡಿದವರಿಗೆ ನೆನಪಿರಬಹುದು. ಪಿ.ವಿ. ಸಿಂಧು ಮೊದಲ ಗೇಮ್ 21-19ರಲ್ಲಿ ಗೆದ್ದು, ಮುಂದಿನ ಎರಡನ್ನೂ 12-21, 15-21ರಲ್ಲಿ ಕಳೆದುಕೊಂಡರು. ಗೆದ್ದ ಕ್ಯಾರೊಲಿನಾ ಮರಿನ್ ಕೋರ್ಟ್ ಮೇಲೇ ಬಿದ್ದು ಅಳುತ್ತಿದ್ದರು. ಸಿಂಧು ಹೋಗಿ ಅವರನ್ನು ತಬ್ಬಿಕೊಂಡರು, ನೆಲದ ಮೇಲಿದ್ದ ಮರಿನ್ ರಾಕೆಟ್ ಎತ್ತಿಕೊಂಡು ಹೋಗಿ ಅವರ ಬ್ಯಾಗ್ ಹತ್ತಿರ ಇಟ್ಟರು. ಚಿನ್ನ ಕೈತಪ್ಪಿದ ಗಳಿಗೆಯಲ್ಲಿ ಇನ್ನೊಬ್ಬರ ರಾಕೆಟ್ ನೆನಪಾಗುವುದು ನನಗೆ ಇವತ್ತಿಗೂ ಸೋಜಿಗ.

ನಾನು ದೇವರನ್ನು ನಂಬುವವನು. ಆದರೆ ‘ಗೆಲ್ಲಿಸಪ್ಪಾ’ ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಎದುರಿನವನೂ ಅದನ್ನೇ ಕೇಳಿಕೊಂಡು ಬಂದಿರುತ್ತಾನಲ್ಲ, ಪಾಪ ದೇವರು ಯಾರ ಮಾತು ನಡೆಸಬೇಕು? ಈಗ ಕೇಳಿಕೊಳ್ಳುವುದು, ಏನೇ ಆದರೂ ಬುದ್ಧಿ ಕೆಡದಿರಲಿ ಅಂತ. ಚೌಕಾಸಿಯೇ ಇಲ್ಲದ ಮೇಲೆ ಸೋತಾಗ ದೇವರ ಮೇಲೆ ಮುನಿಸಿಕೊಳ್ಳಲು ಕಾರಣವೂ ಇರುವುದಿಲ್ಲ.

ಮನಸ್ಸು ಜಾಸ್ತಿ ಕುಗ್ಗಿದಾಗ ಟೆನಿಸ್ ಆಟಗಾರ ರೋಜರ್ ಫೆಡರರ್ 2024ರಲ್ಲಿ ವಿದ್ಯಾರ್ಥಿಗಳ ಮುಂದೆ ಹೇಳಿದ ಲೆಕ್ಕ ನೆನೆಸಿಕೊಳ್ಳುತ್ತೇನೆ. ಅವರು ಆಡಿದ್ದು 1,526 ಸಿಂಗಲ್ಸ್ ಪಂದ್ಯ, ಗೆದ್ದಿದ್ದು ಹತ್ತಿರ ಹತ್ತಿರ ಶೇ. 80. ಗೆದ್ದ ಪಾಯಿಂಟ್‌ಗಳು ಮಾತ್ರ ಶೇ. 54. ಅಂಥವರೂ ಹೆಚ್ಚುಕಡಿಮೆ ಎರಡರಲ್ಲೊಂದು ಪಾಯಿಂಟ್ ಬಿಟ್ಟುಕೊಟ್ಟವರೇ.

ವಿಡಿಯೊ ನೋಡುವುದು, ತಪ್ಪು ಹುಡುಕುವುದು ಎಲ್ಲ ಮರುದಿನಕ್ಕೆ. ಸೋತ ದಿನ ಆದಷ್ಟೂ ಮನೆಗೆ ಓಡುವುದಿಲ್ಲ. ನನ್ನನ್ನು ಸೋಲಿಸಿದವರ ಮುಂದಿನ ಪಂದ್ಯ ಕೂತು ನೋಡುತ್ತೇನೆ, ಅವರಿಗೇ ಚಪ್ಪಾಳೆ ತಟ್ಟುತ್ತೇನೆ. ಅವರು ಬ್ಯಾಕ್‌ಹ್ಯಾಂಡ್ ಕಡೆ ಎಷ್ಟು ನಿಧಾನ ಅನ್ನುವುದೂ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.