ಇಪ್ಪತ್ತು ತಾಕುಗಳ ಲೆಕ್ಕ: ಹೊಲದ ಪ್ರಯೋಗವನ್ನು ಜಮೋವಿಯಲ್ಲಿ ವಿಶ್ಲೇಷಿಸುವುದು ಹೇಗೆ?

ರಾಗಿಗೆ ಬರೀ ರಸಗೊಬ್ಬರ ಸಾಕೋ, ಜೊತೆಗೆ ಕೊಟ್ಟಿಗೆ ಗೊಬ್ಬರವೂ ಬೇಕೋ? ಇಂಥ ಪ್ರಶ್ನೆಗೆ ಉತ್ತರ ಹುಡುಕಲು ಹೊಲದಲ್ಲಿ ತಾಕು ಹಾಕಿ, ನಾಲ್ಕು ತಿಂಗಳು ಕಾದು, ಕೊಯ್ದು, ತೂಗಿ ತಂದ ಅಂಕಿಗಳು ಕೊನೆಗೆ ಕಂಪ್ಯೂಟರಿನ ಮುಂದೆ ಎಡವುವುದೇ ಹೆಚ್ಚು. ಸಾಫ್ಟ್‌ವೇರ್ ಕೂಡುವುದರಲ್ಲಿ, ಭಾಗಿಸುವುದರಲ್ಲಿ ತಪ್ಪುವುದಿಲ್ಲ. ಆದರೆ ನಿಮ್ಮ ಹೊಲ ಎತ್ತ ಇಳಿಜಾರಾಗಿತ್ತು, ಯಾವ ತಾಕನ್ನು ಇಲಿ ತಿಂದಿತು ಎನ್ನುವುದು ಅದಕ್ಕೆ ಗೊತ್ತಿಲ್ಲ. ನೀವು ಹೇಳಿದ್ದನ್ನೇ ಹೊಲವೆಂದು ನಂಬಿಕೊಳ್ಳುತ್ತದೆ. ಅದು ಸರಿಯಾಗಿ ಅರ್ಥಮಾಡಿಕೊಂಡಿದೆಯೇ ಎಂದು ತಿಳಿಯುವ ಒಂದು ಜಾಗ ಫಲಿತಾಂಶದ ಕೋಷ್ಟಕದಲ್ಲೇ ಇದೆ. ಎಲ್ಲರೂ 'ಪಿ' ಬೆಲೆಗೆ (ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವ) ಕಣ್ಣು ಹಾಯಿಸಿ ದಾಟಿಬಿಡುವ ಆ ಜಾಗವೇ ಡಿಗ್ರೀಸ್ ಆಫ್ ಫ್ರೀಡಂ, ಅಂದರೆ ಡಿಎಫ್ ಕಾಲಂ; ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳ ಎಣಿಕೆ ಅದು. ಈ ಲೇಖನದುದ್ದಕ್ಕೂ ಅದನ್ನು ಮತ್ತೆ ಮತ್ತೆ ನೋಡೋಣ.

ಸಾಧನವಾಗಿ ಇಲ್ಲಿ ಜಮೋವಿ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರನ್ನು ತೆಗೆದುಕೊಂಡಿದ್ದೇವೆ. ಇದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಒಳಗೆ ಲೆಕ್ಕ ಹಾಕುವುದು 'ಆರ್' ಭಾಷೆಯೇ ಆದರೂ ಆದೇಶಗಳನ್ನು ಟೈಪ್ ಮಾಡಬೇಕಿಲ್ಲ, ಮೌಸ್ ಸಾಕು. ಹಿಸಾರ್‌ನ ಕೃಷಿ ವಿಶ್ವವಿದ್ಯಾಲಯದ ಆಪ್‌ಸ್ಟ್ಯಾಟ್ ಅಥವಾ ಕೇರಳ ಕೃಷಿ ವಿಶ್ವವಿದ್ಯಾಲಯದ ಗ್ರೇಪ್ಸ್ ಬಳಸಿ ರೂಢಿಯಿದ್ದವರು ಅದನ್ನೇ ಮುಂದುವರಿಸಬಹುದು. ಪರೀಕ್ಷಿಸಬೇಕಾದ ಸಂಗತಿಗಳು ಬದಲಾಗುವುದಿಲ್ಲ.

ಹೊಲದಲ್ಲೇ ಮುಗಿಯಬೇಕಾದ ಕೆಲಸ

ನಮ್ಮ ಉದಾಹರಣೆಯಲ್ಲಿ 5 ಉಪಚಾರ (ಹೋಲಿಸಬೇಕಾದ ಗೊಬ್ಬರದ ಬಗೆಗಳು), 4 ಬ್ಲಾಕ್ (ಅಕ್ಕಪಕ್ಕದ ತಾಕುಗಳ ಗುಂಪು), ಒಟ್ಟು 20 ತಾಕು. ಇಳಿಜಾರು ಹೊಲದಲ್ಲಿ ಮಣ್ಣು ಕೊಚ್ಚಿ ತಗ್ಗಿಗೆ ಸೇರುವುದರಿಂದ ಫಲವತ್ತತೆ ದಿಣ್ಣೆಯ ಕಡೆ ಕಡಿಮೆ, ತಗ್ಗಿನ ಕಡೆ ಹೆಚ್ಚು. ಆದ್ದರಿಂದ ಬ್ಲಾಕುಗಳನ್ನು ಇಳಿಜಾರಿಗೆ ಅಡ್ಡಲಾಗಿ, ಬದುಗಳ ಹಾಗೆ ಹಾಕಬೇಕು. ಒಂದೇ ಬ್ಲಾಕಿನೊಳಗಿನ ಐದೂ ತಾಕುಗಳ ಮಣ್ಣು ಆದಷ್ಟು ಒಂದೇ ಬಗೆಯದಿರಬೇಕು. ಪ್ರತಿ ಬ್ಲಾಕಿನಲ್ಲಿ ಐದೂ ಉಪಚಾರ ಒಮ್ಮೊಮ್ಮೆ ಬರಬೇಕು, ಯಾವುದು ಎಲ್ಲಿ ಎನ್ನುವುದನ್ನು ಬ್ಲಾಕಿಗೊಮ್ಮೆ ಬೇರೆಬೇರೆಯಾಗಿ ಚೀಟಿ ಎತ್ತಿ ತೀರ್ಮಾನಿಸಬೇಕು. ಒಮ್ಮೆ ಎತ್ತಿದ ಕ್ರಮವನ್ನೇ ನಾಲ್ಕೂ ಬ್ಲಾಕುಗಳಿಗೆ ನಕಲು ಮಾಡಿದರೆ ಒಂದು ಉಪಚಾರ ಎಲ್ಲ ಬ್ಲಾಕಿನಲ್ಲೂ ಮರದ ನೆರಳಿನ ಪಕ್ಕಕ್ಕೇ ಬಿದ್ದುಬಿಡಬಹುದು. ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಸರಿಪಡಿಸಲಾರದು.

ಗಡಿ ಸಾಲು ಬಿಟ್ಟು ಕೊಯ್ದ ನಿವ್ವಳ ತಾಕು 4 ಮೀಟರ್ ಉದ್ದ, 3 ಮೀಟರ್ ಅಗಲ ಎಂದುಕೊಳ್ಳಿ. 12 ಚದರ ಮೀಟರ್. ತಾಕಿಗೆ 3.6 ಕಿಲೋ ಕಾಳು ಬಂದರೆ ಹೆಕ್ಟೇರಿಗೆ 3,000 ಕಿಲೋ, ಅಂದರೆ 30 ಕ್ವಿಂಟಲ್. ಕಿಲೋವನ್ನು 8.33ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಕ್ವಿಂಟಲ್ ಎಂಬುದು ಸಿಗುತ್ತದೆ. ತೂಗುವ ಮುಂಚೆ ತೇವಾಂಶ ನೋಡಿ. 16 ಶೇಕಡ ತೇವವಿದ್ದ 3.6 ಕಿಲೋ ಕಾಳನ್ನು 12 ಶೇಕಡಕ್ಕೆ ಇಳಿಸಿ ಲೆಕ್ಕ ಹಾಕಿದರೆ (3.6ನ್ನು 84ರಿಂದ ಗುಣಿಸಿ 88ರಿಂದ ಭಾಗಿಸಿ) ಉಳಿಯುವುದು 3.44 ಕಿಲೋ. ಒಂದು ಬ್ಲಾಕನ್ನು ಮಳೆಯ ಮರುದಿನ, ಇನ್ನೊಂದನ್ನು ವಾರದ ಮೇಲೆ ಕೊಯ್ದಿದ್ದರೆ ಈ ತಿದ್ದುಪಡಿ ಕಡ್ಡಾಯ.

ಅಂಕಿ ತುಂಬುವುದು

ಕೆಳಗಿನವು ಅಭ್ಯಾಸಕ್ಕಾಗಿ ಹೊಂದಿಸಿದ ಅಂಕಿಗಳು, ಹೆಕ್ಟೇರಿಗೆ ಕ್ವಿಂಟಲ್ ಲೆಕ್ಕದಲ್ಲಿ. ಎಡದಿಂದ ಬಲಕ್ಕೆ ಬ್ಲಾಕ್ 1ರಿಂದ 4. ಬ್ಲಾಕ್ 1 ತಗ್ಗಿನ ಕಡೆಯದು, ಬ್ಲಾಕ್ 4 ದಿಣ್ಣೆಯದು.

ಟಿ1, ಗೊಬ್ಬರವಿಲ್ಲ: 24, 20, 20, 16
ಟಿ2, ಕೊಟ್ಟಿಗೆ ಗೊಬ್ಬರ ಮಾತ್ರ: 25, 26, 23, 22
ಟಿ3, ಶಿಫಾರಸಿನ ರಸಗೊಬ್ಬರ: 34, 30, 27, 25
ಟಿ4, ಅರ್ಧ ರಸಗೊಬ್ಬರ ಮತ್ತು ಕೊಟ್ಟಿಗೆ ಗೊಬ್ಬರ: 32, 33, 27, 28
ಟಿ5, ಪೂರ್ತಿ ರಸಗೊಬ್ಬರ ಮತ್ತು ಕೊಟ್ಟಿಗೆ ಗೊಬ್ಬರ: 35, 31, 33, 29

ಓದಲು ಇದು ಅನುಕೂಲದ ಜೋಡಣೆ, ಜಮೋವಿಗೆ ಅಲ್ಲ. ಅದಕ್ಕೆ ಒಂದು ತಾಕಿಗೆ ಒಂದು ಸಾಲು ಬೇಕು: ಬ್ಲಾಕ್, ಉಪಚಾರ, ಇಳುವರಿ ಎಂಬ ಮೂರು ಕಾಲಂ, 20 ಸಾಲು. ಎಕ್ಸೆಲ್‌ನಲ್ಲಿ ತುಂಬಿ ತೆರೆದರೂ ಆಗುತ್ತದೆ, ನೇರವಾಗಿ ಟೈಪ್ ಮಾಡಿದರೂ ಆಗುತ್ತದೆ.

ಈ ಹಂತದಲ್ಲೇ ಬಹಳಷ್ಟು ಕೆಡುತ್ತದೆ. ಇಳುವರಿಯ ಕಾಲಂನಲ್ಲಿ '34 ಕ್ವಿಂಟಲ್' ಎಂದು ಬರೆದರೆ ಇಡೀ ಕಾಲಂ ಅಕ್ಷರವಾಗುತ್ತದೆ; ಅಳತೆಯ ಹೆಸರು ತಲೆಬರಹದಲ್ಲಿರಲಿ. ಹೊಲದ ಪುಸ್ತಕದಲ್ಲಿ ೩೪ ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದರೂ ಕಂಪ್ಯೂಟರಿಗೆ 34 ಎಂದೇ ಕೊಡಿ. ತಾಕಿನ ಗುರುತಿಗೆ '2-3' ಎಂದು ಬರೆದರೆ ಎಕ್ಸೆಲ್ ಅದನ್ನು ತಾರೀಖಾಗಿ ಮಾರ್ಪಡಿಸಿಬಿಡುತ್ತದೆ. 'ಟಿ1' ಎಂದು ಒಂದು ಕಡೆ, ಕೊನೆಗೊಂದು ಖಾಲಿ ಜಾಗ ಬಿಟ್ಟು ಇನ್ನೊಂದು ಕಡೆ ಬರೆದರೆ ಸಾಫ್ಟ್‌ವೇರಿಗೆ ಅವು ಎರಡು ಬೇರೆ ಉಪಚಾರಗಳು. ಕಣ್ಣಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಡಿಎಫ್‌ನಲ್ಲಿ 4ರ ಬದಲು 5 ಬಂದಾಗ ಮಾತ್ರ ಸಿಕ್ಕಿಬೀಳುತ್ತದೆ.

ಇಲಿ ತಿಂದ ತಾಕಿಗೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಸೊನ್ನೆಯೆಂದರೆ 'ಬೆಳೆದೆವು, ಏನೂ ಬರಲಿಲ್ಲ' ಎಂದರ್ಥ. ಖಾಲಿಯೆಂದರೆ 'ಅಳೆಯಲಾಗಲಿಲ್ಲ' ಎಂದರ್ಥ. ಆದರೆ ಉಪಚಾರದ ಕಾರಣದಿಂದಲೇ ಬೆಳೆ ಸತ್ತಿದ್ದರೆ, ಕಳೆನಾಶಕದ ಪ್ರಯೋಗದಲ್ಲಿ ಆಗುವಂತೆ, ಆ ಸೊನ್ನೆ ನಿಜವಾದ ಸೊನ್ನೆ, ಅದನ್ನು ಬರೆಯಲೇಬೇಕು.

ಕಾಲಂನ ತಲೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದರ ಬಗೆ ತಿಳಿಯುತ್ತದೆ. ಬ್ಲಾಕ್ ಮತ್ತು ಉಪಚಾರ 'ನಾಮಿನಲ್' (ಬರೀ ಹೆಸರು) ಆಗಿರಬೇಕು, ಇಳುವರಿ 'ಕಂಟಿನ್ಯುಯಸ್' (ಅಳತೆ).

ವಿಶ್ಲೇಷಣೆ

'ಅನಾಲಿಸಿಸ್' ಪಟ್ಟಿಯಲ್ಲಿ 'ಅನೋವಾ' (ಇಳುವರಿಯ ಏರುಪೇರನ್ನು ಅದರ ಕಾರಣಗಳಿಗೆ ಹಂಚಿ ನೋಡುವ ವಿಧಾನ) ಒತ್ತಿ, ಕೆಳಗೆ ತೆರೆಯುವ ಪಟ್ಟಿಯಲ್ಲಿ ಮತ್ತೆ 'ಅನೋವಾ' ಆರಿಸಿ. 'ಒನ್-ವೇ' ಬೇಡ, ಅದಕ್ಕೆ ಬ್ಲಾಕ್ ಹೇಳಲು ಜಾಗವೇ ಇಲ್ಲ. ಇಳುವರಿಯನ್ನು 'ಡಿಪೆಂಡೆಂಟ್ ವೇರಿಯಬಲ್' ಪೆಟ್ಟಿಗೆಗೂ ಬ್ಲಾಕ್, ಉಪಚಾರ ಎರಡನ್ನೂ 'ಫಿಕ್ಸೆಡ್ ಫ್ಯಾಕ್ಟರ್ಸ್' ಪೆಟ್ಟಿಗೆಗೂ ಸಾಗಿಸಿ.

ಈಗ ಬಲಗಡೆ ಬರುವ ಕೋಷ್ಟಕದಲ್ಲಿ ಎಫ್ ಬೆಲೆ (ಉಪಚಾರದ ಅಥವಾ ಬ್ಲಾಕಿನ ಸರಾಸರಿ ವರ್ಗವನ್ನು ಉಳಿಕೆಯದರಿಂದ ಭಾಗಿಸಿದ್ದು) ಸರಿಯಾಗಿ ಕಾಣುವುದಿಲ್ಲ. ಗಾಬರಿ ಬೇಡ. ಜಮೋವಿ ತಾನಾಗಿ ಬ್ಲಾಕ್-ಉಪಚಾರಗಳ ಪರಸ್ಪರ ಪರಿಣಾಮವನ್ನೂ ಸೇರಿಸಿಕೊಂಡಿರುತ್ತದೆ. ಅದಕ್ಕೆ 3 ಗುಣಿಸು 4, ಅಂದರೆ 12 ಡಿಎಫ್ ಹೋಗುತ್ತದೆ. ಉಪಚಾರಕ್ಕೆ 4, ಬ್ಲಾಕಿಗೆ 3. 20 ತಾಕಿಗೆ ಒಟ್ಟು ಇರುವುದೇ 19, ದೋಷವನ್ನು (ಉಪಚಾರಕ್ಕೂ ಬ್ಲಾಕಿಗೂ ಸೇರದ ಏರುಪೇರು, ಕೋಷ್ಟಕದಲ್ಲಿ 'ಉಳಿಕೆ') ಅಳೆಯಲು ಏನೂ ಉಳಿಯುವುದಿಲ್ಲ. 'ಮಾಡೆಲ್' ವಿಭಾಗ ತೆರೆದು ಆ ಜೋಡಿ ಪದವನ್ನು ತೆಗೆದುಹಾಕಿ. ಆಗ ಬರುವ ಕೋಷ್ಟಕ ಹೀಗಿರಬೇಕು:

ಉಪಚಾರ: ವರ್ಗಗಳ ಮೊತ್ತ 384, ಡಿಎಫ್ 4, ಸರಾಸರಿ ವರ್ಗ 96, ಎಫ್ 33.88
ಬ್ಲಾಕ್: 100, ಡಿಎಫ್ 3, 33.33, ಎಫ್ 11.76
ಉಳಿಕೆ: 34, ಡಿಎಫ್ 12, 2.83

ಮೊದಲು ಓದಬೇಕಾದ್ದು ಡಿಎಫ್. ಐದು ಉಪಚಾರಕ್ಕೆ 4, ನಾಲ್ಕು ಬ್ಲಾಕಿಗೆ 3, ಉಳಿಕೆಗೆ ಇವೆರಡರ ಗುಣಲಬ್ಧ 12. ಇದನ್ನು ಬಿತ್ತುವ ಮುಂಚೆಯೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಬಹುದು, ಬರೆದಿಟ್ಟುಕೊಳ್ಳಲೇಬೇಕು. ಉಪಚಾರದ ಎದುರು 1 ಎಂದಿದ್ದರೆ, ನೀವು ಕೊಟ್ಟ 1, 2, 3, 4, 5 ಎಂಬ ಗುರುತುಗಳನ್ನು ಸಾಫ್ಟ್‌ವೇರ್ ಪ್ರಮಾಣಗಳೆಂದು ತಿಳಿದು ಸರಳರೇಖೆ ಎಳೆದಿದೆ. 'ಆರ್' ಬಳಸುವವರು ಪದೇ ಪದೇ ಬೀಳುವ ಗುಂಡಿ ಇದು. ಉಳಿಕೆಯ ಎದುರು 92 ಎಂದಿದ್ದರೆ ಇನ್ನೂ ದೊಡ್ಡ ತಪ್ಪು: ಪ್ರತಿ ತಾಕಿನಲ್ಲಿ ಐದೈದು ಗಿಡದ ಎತ್ತರ ಅಳೆದು, ನೂರೂ ಅಳತೆಗಳನ್ನು ನೂರು ತಾಕುಗಳೆಂಬಂತೆ ತುಂಬಿದ್ದೀರಿ. ಗೊಬ್ಬರ ಹಾಕಿದ್ದು ತಾಕಿಗೆ, ಗಿಡಕ್ಕಲ್ಲ. ಒಂದೇ ತಾಕಿನ ಐದು ಗಿಡ ಐದು ಸಾಕ್ಷಿಗಳಾಗುವುದಿಲ್ಲ, ಒಂದೇ ಸಾಕ್ಷಿಯನ್ನು ಐದು ಸಲ ಕೇಳಿದಂತೆ ಆಗುತ್ತದೆ. ಐದರ ಸರಾಸರಿ ತೆಗೆದು ತಾಕಿಗೆ ಒಂದೇ ಅಂಕಿ ಕೊಡಿ.

ಬ್ಲಾಕನ್ನು ಮರೆತರೆ ಏನಾಗುತ್ತದೆ? ತೆಗೆದು ನೋಡಿ. ಉಳಿಕೆ 34ರಿಂದ 134ಕ್ಕೆ ಏರುತ್ತದೆ, ಡಿಎಫ್ 15 ಆಗುತ್ತದೆ, ಎಫ್ 10.75ಕ್ಕೆ ಇಳಿಯುತ್ತದೆ. ದಿಣ್ಣೆ-ತಗ್ಗಿನ ವ್ಯತ್ಯಾಸವೆಲ್ಲ ದೋಷದ ಖಾತೆಗೆ ಸೇರಿತು. ಆಗಲೂ ಫಲಿತಾಂಶ 'ಸಿಗ್ನಿಫಿಕೆಂಟ್' ಎಂದೇ ಬರುವುದರಿಂದ ತಪ್ಪು ಗೊತ್ತಾಗುವುದಿಲ್ಲ. ಅದರ ಬೆಲೆ ಮುಂದಿನ ಹೋಲಿಕೆಯಲ್ಲಿ ತೆರಬೇಕಾಗುತ್ತದೆ.

ಎಕ್ಸೆಲ್‌ನಲ್ಲಿ ಅನಾಲಿಸಿಸ್ ಟೂಲ್‌ಪ್ಯಾಕ್ ಚಾಲೂ ಮಾಡಿ, ಮೇಲಿನ ಐದು ಸಾಲುಗಳ ಕೋಷ್ಟಕವನ್ನು ಹಾಗೆಯೇ ಇಟ್ಟು 'ಅನೋವಾ: ಟೂ-ಫ್ಯಾಕ್ಟರ್ ವಿದೌಟ್ ರೆಪ್ಲಿಕೇಶನ್' ಓಡಿಸಿದರೆ ಇದೇ 384, 100, 34 ಬರಬೇಕು. ಬಾರದಿದ್ದರೆ ಟೈಪಿಂಗ್ ತಪ್ಪು ಎಲ್ಲೋ ಇದೆ. ಐದು ನಿಮಿಷದ ಕೆಲಸ, ಬಿಡಬೇಡಿ.

'ಅಸಂಪ್ಶನ್ ಚೆಕ್ಸ್' ವಿಭಾಗದಲ್ಲಿ ಕ್ಯೂ-ಕ್ಯೂ ಚಿತ್ರ (ಉಳಿಕೆಗಳ ಹಂಚಿಕೆ ಸಾಮಾನ್ಯವಾಗಿದೆಯೇ ಎಂದು ತೋರಿಸುವುದು) ತೆಗೆಯಿರಿ. ಚುಕ್ಕೆಗಳು ಓರೆಗೆರೆಯ ಆಸುಪಾಸಿನಲ್ಲಿದ್ದರೆ ಸರಿ. ಒಂದೇ ಒಂದು ದೂರ ಹಾರಿದ್ದರೆ ಮೊದಲು ಹೊಲದ ಪುಸ್ತಕ ತೆರೆದು ಆ ತಾಕಿನ ಅಂಕಿಯನ್ನು ತಾಳೆ ನೋಡಿ. ಅಲ್ಲೇ ಇರುವ ಲೆವೀನ್ ಪರೀಕ್ಷೆ (ಗುಂಪುಗಳ ಏರುಪೇರು ಸಮನಾಗಿದೆಯೇ ಎಂದು ನೋಡುವುದು) ನಮಗೆ ಉಪಯೋಗವಿಲ್ಲ, ಏಕೆಂದರೆ ಪ್ರತಿ ಬ್ಲಾಕ್-ಉಪಚಾರ ಜೋಡಿಗೆ ಒಂದೇ ಅಂಕಿಯಿದೆ. ಇಳುವರಿಯ ಬದಲು ಕೀಟಗಳ ಎಣಿಕೆಯಿದ್ದು ಹಲವು ಸೊನ್ನೆಗಳಿದ್ದರೆ ಪ್ರತಿ ಅಂಕಿಗೆ 0.5 ಸೇರಿಸಿ ವರ್ಗಮೂಲ ತೆಗೆದ ಹೊಸ ಕಾಲಂ ಮಾಡಿಕೊಂಡು ಅದನ್ನು ವಿಶ್ಲೇಷಿಸುವುದು ವಾಡಿಕೆ. ವರದಿಯಲ್ಲಿ ಸರಾಸರಿಯನ್ನು ಮೂಲ ಎಣಿಕೆಗೆ ಮರಳಿಸಿ ತೋರಿಸಿ, ಗಿಡಕ್ಕೆ 2.1 ವರ್ಗಮೂಲ ಹುಳು ಎಂದರೆ ರೈತನಿಗೆ ಏನೂ ತಿಳಿಯದು.

ಯಾವುದು ಯಾವುದಕ್ಕಿಂತ ಮೇಲು?

ಸರಾಸರಿಗಳು ಟಿ1ರಿಂದ ಕ್ರಮವಾಗಿ 20, 24, 29, 30, 32. ಎಫ್ ಪರೀಕ್ಷೆ ಹೇಳಿದ್ದು 'ಎಲ್ಲವೂ ಒಂದೇ ಅಲ್ಲ' ಎಂದು ಮಾತ್ರ. ಜೋಡಿಗಳನ್ನು ಹೋಲಿಸಲು 'ಪೋಸ್ಟ್ ಹಾಕ್ ಟೆಸ್ಟ್ಸ್' ತೆರೆದು ಉಪಚಾರವನ್ನು ಬಲಕ್ಕೆ ಸಾಗಿಸಿ, 'ನೋ ಕರೆಕ್ಷನ್' ಮತ್ತು 'ಟುಕಿ' ಎರಡಕ್ಕೂ ಗುರುತು ಹಾಕಿ. ಪ್ರತಿ ಜೋಡಿಯ ಎದುರು ಎಸ್‌ಇ 1.19 (ಆ ವ್ಯತ್ಯಾಸದ ಪ್ರಮಾಣಿತ ದೋಷ) ಎಂದಿರುತ್ತದೆ. ನಮ್ಮ ಕೃಷಿ ಪ್ರಬಂಧಗಳು ಕೇಳುವ ಸಿಡಿಯನ್ನು, ಅಂದರೆ ಕ್ರಿಟಿಕಲ್ ಡಿಫರೆನ್ಸನ್ನು (ಎರಡು ಸರಾಸರಿಗಳು ಬೇರೆ ಎನ್ನಲು ದಾಟಬೇಕಾದ ವ್ಯತ್ಯಾಸ), ಜಮೋವಿ ಕೊಡುವುದಿಲ್ಲ, ನೀವೇ ಹಾಕಿಕೊಳ್ಳಬೇಕು. 12 ಡಿಎಫ್‌ಗೆ 5 ಶೇಕಡ ಮಟ್ಟದ ಟಿ ಬೆಲೆ (ಇದು ಉಪಚಾರದ ಗುರುತಲ್ಲ, ಸಂಖ್ಯಾಶಾಸ್ತ್ರದ ಟಿ-ಕೋಷ್ಟಕದ್ದು) 2.179. ಅದನ್ನು 1.19ರಿಂದ ಗುಣಿಸಿದರೆ ಸಿಡಿ 2.59. ಬ್ಲಾಕನ್ನು ಮರೆತಿದ್ದರೆ ಇದೇ ಸಿಡಿ 4.50 ಆಗುತ್ತಿತ್ತು, ಟಿ1-ಟಿ2 ನಡುವಿನ 4 ಕ್ವಿಂಟಲ್ ವ್ಯತ್ಯಾಸ ಕಳೆದೇಹೋಗುತ್ತಿತ್ತು. ಕೊಟ್ಟಿಗೆ ಗೊಬ್ಬರದಿಂದ ಪ್ರಯೋಜನವಿಲ್ಲ ಎಂಬ ಸುಳ್ಳು ಮಾತು ವರದಿಯಲ್ಲಿ ಅಚ್ಚಾಗುತ್ತಿತ್ತು.

ಈಗ ಮೊದಲಿನ ಪ್ರಶ್ನೆಗೆ ಬನ್ನಿ: ಟಿ3ಕ್ಕಿಂತ ಟಿ5 ಮೇಲೇ? ವ್ಯತ್ಯಾಸ 3 ಕ್ವಿಂಟಲ್. ಸಿಡಿ 2.59ನ್ನು ದಾಟಿತು, ಹೌದು ಎನ್ನುತ್ತದೆ. ಟುಕಿಯ ಗಡಿ 3.80ರ ಆಸುಪಾಸು, ಅದು ಇಲ್ಲ ಎನ್ನುತ್ತದೆ. ಎರಡೂ ಲೆಕ್ಕ ಸರಿಯೇ, ಕೇಳಿದ ಪ್ರಶ್ನೆ ಬೇರೆ. ಐದು ಉಪಚಾರಗಳಿಂದ ಹತ್ತು ಜೋಡಿ ಹುಟ್ಟುತ್ತವೆ. ಹತ್ತನ್ನೂ ಸಿಡಿಯಿಂದ ಅಳೆದರೆ ಎಲ್ಲೋ ಒಂದು ಕಡೆ ಇಲ್ಲದ ವ್ಯತ್ಯಾಸ ಕಾಣುವ ಸಂಭವ 5 ಶೇಕಡಕ್ಕಿಂತ ಸಾಕಷ್ಟು ಹೆಚ್ಚುತ್ತದೆ. ಟುಕಿ ಅದನ್ನು ಒಟ್ಟಾರೆ 5ರೊಳಗೆ ಹಿಡಿದಿಡುತ್ತದೆ. ಬಿತ್ತುವ ಮುಂಚೆಯೇ 'ಟಿ3, ಟಿ5 ಹೋಲಿಸುತ್ತೇವೆ' ಎಂದು ಬರೆದಿಟ್ಟಿದ್ದರೆ ಸಿಡಿ ಬಳಸುವುದು ನ್ಯಾಯ. ಅಂಕಿ ಬಂದ ಮೇಲೆ ಹತ್ತು ಜೋಡಿಗಳಲ್ಲಿ ಚೆಂದ ಕಂಡದ್ದನ್ನು ಆರಿಸುವುದಾದರೆ ಟುಕಿಯೇ ಸರಿ. ಎರಡನ್ನೂ ಓಡಿಸಿ, ಇಷ್ಟವಾದದ್ದನ್ನು ಮಾತ್ರ ವರದಿಗೆ ಹಾಕುವುದು ಓದುಗರಿಗೆ ಮಾಡುವ ಮೋಸ.

ಹೌದು-ಇಲ್ಲಗಳಿಗಿಂತ ರೈತನಿಗೆ ಬೇಕಾದ್ದು ಇನ್ನೊಂದು ಅಂಕಿ. 3ರಿಂದ 2.59 ಕಳೆದು, ಕೂಡಿ ನೋಡಿ: 0.41ರಿಂದ 5.59 ಕ್ವಿಂಟಲ್. ಕೊಟ್ಟಿಗೆ ಗೊಬ್ಬರದಿಂದ ಸಿಕ್ಕ ಹೆಚ್ಚುವರಿ ಇಳುವರಿ ಈ ಎರಡರ ನಡುವೆ ಎಲ್ಲಾದರೂ ಇರಬಹುದು. ಗಾಡಿ ಬಾಡಿಗೆ, ಆಳಿನ ಕೂಲಿ ಸೇರಿ ಗೊಬ್ಬರದ ಖರ್ಚು ಎರಡು ಕ್ವಿಂಟಲ್ ರಾಗಿಯ ಬೆಲೆಯಷ್ಟಾದರೆ ಈ ಒಂದು ಪ್ರಯೋಗದಿಂದ ಲಾಭ-ನಷ್ಟ ತೀರ್ಮಾನವಾಗುವುದಿಲ್ಲ. ಅದನ್ನು ಹಾಗೆಯೇ ಬರೆಯಬೇಕು. ಒಂದು ಊರಿನ ಒಂದು ಮಳೆಗಾಲದ ಫಲಿತಾಂಶವನ್ನು ಜಿಲ್ಲೆಗೆಲ್ಲ ಶಿಫಾರಸು ಮಾಡಲು ಹೊರಡುವುದೂ ತಪ್ಪೇ.

ವರದಿಯ ಕೋಷ್ಟಕದಲ್ಲಿ ಐದು ಸರಾಸರಿಗಳ ಕೆಳಗೆ ಎಸ್‌ಇಎಂ 0.84 (ಒಂದು ಸರಾಸರಿಯ ಪ್ರಮಾಣಿತ ದೋಷ), ಸಿಡಿ 2.59, ಸಿವಿ 6.2 ಶೇಕಡ ಎಂದು ಕೊಡಿ. ಸಿವಿ ಎಂದರೆ ಉಳಿಕೆಯ ಸರಾಸರಿ ವರ್ಗದ ವರ್ಗಮೂಲವನ್ನು (1.68) ಒಟ್ಟು ಸರಾಸರಿ 27ರಿಂದ ಭಾಗಿಸಿ ನೂರರಿಂದ ಗುಣಿಸಿದ್ದು. ಅದು 20 ದಾಟಿದ್ದರೆ ತಾಕುಗಳಲ್ಲಿ ಏನೋ ಏರುಪೇರಾಗಿದೆ. ಮಳೆಯಾಶ್ರಿತ ಹೊಲದಲ್ಲಿ 1 ಅಥವಾ 2 ಬಂದಿದ್ದರೆ ಅದನ್ನೂ ಅನುಮಾನಿಸಿ, ತೂಕದ ಚೀಟಿಗಳನ್ನು ತೆಗೆಸಿ ನೋಡಿ. ಉಪಚಾರಗಳ ನಡುವೆ ವ್ಯತ್ಯಾಸ ಕಾಣದಿದ್ದರೆ 'ಎನ್‌ಎಸ್' (ನಾಟ್ ಸಿಗ್ನಿಫಿಕೆಂಟ್) ಎಂದಷ್ಟೇ ಬರೆದು ಸರಾಸರಿಗಳನ್ನು ಬಿಡಬೇಡಿ, ಅವೂ ಅಚ್ಚಾಗಲಿ. ಮುಂದೆ ಯಾರಾದರೂ ಹತ್ತು ಊರಿನ ಪ್ರಯೋಗಗಳನ್ನು ಒಟ್ಟುಗೂಡಿಸಲು ಹೊರಟರೆ ಅವರಿಗೆ ಬೇಕಾಗುವುದು ಆ ಸರಾಸರಿಗಳೇ.

ಕಡತವನ್ನು ಉಳಿಸಿದಾಗ ಜಮೋವಿ ಅಂಕಿಗಳನ್ನೂ ನೀವು ಹಾಕಿದ ಗುರುತುಗಳನ್ನೂ ಫಲಿತಾಂಶವನ್ನೂ ಒಂದೇ ಓಎಂವಿ ಕಡತದಲ್ಲಿ ಕಟ್ಟಿಡುತ್ತದೆ. ಅಂಕಿಯೊಂದನ್ನು ತಿದ್ದಿದರೆ ಫಲಿತಾಂಶವೂ ಕೂಡಲೇ ಬದಲಾಗುತ್ತದೆ, ಹಳೆಯದು ಉಳಿಯುವುದಿಲ್ಲ. ಆದ್ದರಿಂದ ತಿದ್ದುವ ಮುಂಚೆ ತಾರೀಖು ಹಾಕಿದ ಬೇರೆ ಹೆಸರಿನಲ್ಲಿ ಒಂದು ಪ್ರತಿ ಉಳಿಸಿ, ಯಾವ ತಾಕಿನ ಅಂಕಿಯನ್ನು ಏಕೆ ಬದಲಿಸಿದಿರಿ ಎಂಬುದನ್ನು ಹೊಲದ ಪುಸ್ತಕದಲ್ಲಿ ಅದೇ ತಾಕಿನ ಎದುರು ಬರೆದಿಡಿ.