ಹಾರ್ಡ್ ಡಿಸ್ಕ್ ಹೋಗುವ ಮುಂಚೆ ಫೈಲ್ ಉಳಿಸಿಕೊಂಡ ಬಗೆ

ಹಾರ್ಡ್ ಡಿಸ್ಕ್ ಕೆಡುತ್ತಿದೆ ಅನ್ನುವ ಅನುಮಾನ ಬಂದರೆ ಹೆಚ್ಚಿನವರು ಮೊದಲು ರಿಪೇರಿಗೆ ಕೈ ಹಾಕುತ್ತಾರೆ. ಡಿಸ್ಕ್‌ನ ತಪ್ಪು ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸುತ್ತಾರೆ, ಇಲ್ಲವೇ ವಿಂಡೋಸ್ ಹೊಸದಾಗಿ ಹಾಕುತ್ತಾರೆ. ನಾನು ಹೇಳುವುದು: ಮೊದಲು ಕಾಪಿ, ಮಿಕ್ಕಿದ್ದೆಲ್ಲ ಆಮೇಲೆ. ಸಾಯುತ್ತಿರುವ ಡಿಸ್ಕ್ ಇನ್ನೆಷ್ಟು ಹೊತ್ತು ಓದಿಕೊಡುತ್ತದೋ ಯಾರಿಗೂ ಗೊತ್ತಿಲ್ಲ. ಆ ಹೊತ್ತನ್ನು ರಿಪೇರಿಗೆ ಕಳೆಯಬಾರದು.

ತಿಪಟೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ, ಶಾಲೆಗಳ ಸ್ಮರಣ ಸಂಚಿಕೆ. ಹಳೆ ಕೆಲಸವೆಲ್ಲ ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್‌ನಲ್ಲಿದೆ. ವಿಂಡೋಸ್ ಇರುವುದು ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್), ಗಿರಾಕಿಗಳ ಫೈಲ್ ಇದ್ದದ್ದು 1 ಟಿಬಿಯ ಹಾರ್ಡ್ ಡಿಸ್ಕ್‌ನಲ್ಲಿ. ಅದೇ ಕೈಕೊಡಲು ಶುರುಮಾಡಿತು.

ಮೊದಲು ಕಂಡದ್ದು ನಿಧಾನ. ಎಲ್ಲ ಫೈಲೂ ನಿಧಾನವಲ್ಲ, ಅದನ್ನು ಗಮನಿಸಬೇಕು. ಒಂದು ಫೋಲ್ಡರ್ ಚಕ್ಕಂತ ತೆರೆಯುತ್ತದೆ, ಪಕ್ಕದ್ದಕ್ಕೆ ಹೋದರೆ ಪರದೆಯೇ ಹೆಪ್ಪುಗಟ್ಟುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಡಿಸ್ಕ್ 100% ಅಂತ ತೋರಿಸುತ್ತಿದೆ, ಆದರೆ ಓದುವ ವೇಗ ಹೆಚ್ಚುಕಡಿಮೆ ಸೊನ್ನೆ. ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್. ವೈರಸ್ಸೋ ಅಪ್‌ಡೇಟೋ ಆಗಿದ್ದರೆ ವೇಗವೂ ಏರಿರುತ್ತಿತ್ತು. ದುಡಿಯುತ್ತಿದೆ, ಆದರೆ ಏನೂ ಬರುತ್ತಿಲ್ಲ ಅಂದರೆ ಡಿಸ್ಕ್ ಒಂದೇ ಜಾಗವನ್ನು ಓದಲು ಮತ್ತೆ ಮತ್ತೆ ಒದ್ದಾಡುತ್ತಿದೆ ಅಂತಲೇ ನನ್ನ ಲೆಕ್ಕ. ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ ‘ಡಿಸ್ಕ್’ ಹೆಸರಿನಲ್ಲಿ 7 ಮತ್ತು 153 ನಂಬರಿನ ಸಾಲುಗಳೂ ಸಿಕ್ಕವು. 7 ಅಂದರೆ ಬ್ಯಾಡ್ ಬ್ಲಾಕ್, ಡಿಸ್ಕ್‌ನಲ್ಲಿ ಕೆಟ್ಟ ಜಾಗ. 153 ಅಂದರೆ ಮೊದಲ ಸಲ ಆಗದೆ ಮತ್ತೊಮ್ಮೆ ಪ್ರಯತ್ನಿಸಿದೆ ಅಂತ.

ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಓಡಿಸಿದೆ. ಇದು ಪುಕ್ಕಟೆ ಸಾಫ್ಟ್‌ವೇರ್. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ‘ಸ್ಮಾರ್ಟ್’ ಲೆಕ್ಕವನ್ನು ತೋರಿಸುತ್ತದೆ. ಹಳದಿ ಬಣ್ಣ, ‘ಕಾಷನ್’. ಸಿ5 ಅನ್ನುವ ಸಾಲಿನ ಕೊನೆಯಲ್ಲಿ 18 ಅಂತಿತ್ತು. ಅದು ಹೆಕ್ಸ್ (16ರ ಗುಂಪಿನಲ್ಲಿ ಎಣಿಸುವ) ಸಂಖ್ಯೆ, ನಮ್ಮ ಲೆಕ್ಕದಲ್ಲಿ 24. ಅಂದರೆ 24 ಸೆಕ್ಟರ್ (ಡಿಸ್ಕ್‌ನ ಸಣ್ಣ ಸಣ್ಣ ತುಂಡು ಜಾಗ) ಓದಲಾಗದೆ ಬಾಕಿ ಉಳಿದಿವೆ. ಅಲ್ಲಿ ಸೊನ್ನೆ ಇರಬೇಕು. ಅದರ ಜೊತೆ ನೋಡಬೇಕಾದ್ದು 05 ಮತ್ತು ಸಿ6. ಕೆಟ್ಟ ಜಾಗ ಬಿಟ್ಟು ಬದಲಿ ಜಾಗ ಕೊಟ್ಟಿದ್ದು 05ರಲ್ಲಿ ಏರುತ್ತದೆ. ಸಿ6 ಅಂದರೆ ಏನು ಮಾಡಿದರೂ ಓದಲಾಗದ ಸೆಕ್ಟರ್. ಸಿ7 ಮಾತ್ರ ಏರುತ್ತಿದ್ದರೆ ಗಾಬರಿ ಬೇಡ, ಅದು ಸಾಮಾನ್ಯವಾಗಿ ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸುವ ಸಾಟಾ ಕೇಬಲ್‌ನ ತೊಂದರೆ. ಕೇಬಲ್ ಬದಲಿಸಿದರೆ ಆ ಸಂಖ್ಯೆ ಇಳಿಯುವುದಿಲ್ಲ, ಆದರೆ ಏರುವುದು ನಿಲ್ಲುತ್ತದೆ. ಸೀಗೇಟ್ ಡಿಸ್ಕ್‌ಗಳಲ್ಲಿ 01, 07ರ ಮುಂದೆ ಭಾರಿ ಸಂಖ್ಯೆ ಕಾಣುವುದು ಮಾಮೂಲು. ಅದನ್ನು ನೋಡಿ ಒಳ್ಳೆ ಡಿಸ್ಕ್ ಬಿಸಾಡಿದವರನ್ನೂ ಕಂಡಿದ್ದೇನೆ.

ನೀಲಿ ಬಣ್ಣ ಇದ್ದರೆ ನಿಶ್ಚಿಂತೆ ಅಂತಲೂ ಅಲ್ಲ. ಗೂಗಲ್‌ನವರು ತಮ್ಮ ಲಕ್ಷಕ್ಕೂ ಜಾಸ್ತಿ ಡಿಸ್ಕ್‌ಗಳ ಲೆಕ್ಕ ನೋಡಿ 2007ರಲ್ಲಿ ಒಂದು ವರದಿ ಕೊಟ್ಟರು. ಹಾಳಾದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡಿಸ್ಕ್‌ಗಳು ನಾಲ್ಕು ಮುಖ್ಯ ಸ್ಮಾರ್ಟ್ ಲೆಕ್ಕಗಳಲ್ಲಿ ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ಹಾಗೇ, ಮೊದಲ ಸ್ಕ್ಯಾನ್ ಎರರ್ (ಮೇಲ್ಮೈ ಪರೀಕ್ಷಿಸುವಾಗ ಸಿಗುವ ತಪ್ಪು) ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಹೋಗುವ ಸಾಧ್ಯತೆ, ಅಂಥ ಎರರ್ ಇಲ್ಲದ್ದಕ್ಕಿಂತ 39 ಪಟ್ಟು. ಹಳದಿ ಬಂದರೆ ಕಾಯಬೇಡಿ ಅಂತ ನಾನು ಹೇಳುವುದು ಇದೇ ಕಾರಣಕ್ಕೆ.

ಹಾರ್ಡ್‌ವೇರ್ ನೋಡಿಕೊಳ್ಳುವ ಹುಡುಗ ಬಂದವನೇ, “ಅಣ್ಣಾ, ಚೆಕ್‌ಡಿಸ್ಕ್ ಆರ್ ಹೊಡೆಯೋಣ, ಬ್ಯಾಡ್ ಸೆಕ್ಟರ್ ಹೋಗ್ತವೆ” ಅಂದ. “ಬೇಡಪ್ಪಾ, ಅದನ್ನ ಕಾಪಿ ಮೇಲೆ ಮಾಡೋಣ” ಅಂದೆ. ಚೆಕ್‌ಡಿಸ್ಕ್ ಆ ‘ಆರ್’ ಆಯ್ಕೆಯಲ್ಲಿ ಡಿಸ್ಕ್‌ನ ಮೂಲೆಮೂಲೆಯನ್ನೂ ಓದುತ್ತದೆ, ಫೈಲ್‌ಗಳ ಪಟ್ಟಿಯನ್ನು ತಿದ್ದಿ ಬರೆಯುತ್ತದೆ. ಗಟ್ಟಿಮುಟ್ಟಾದ ಡಿಸ್ಕ್‌ಗೆ ಅದು ಸರಿ. ಏದುಸಿರು ಬಿಡುತ್ತಿರುವವನನ್ನು ಬೆಟ್ಟ ಹತ್ತಿಸುವುದುಂಟೇ?

ಯುಪಿಎಸ್ ಬ್ಯಾಟರಿ ಸರಿಯಿದೆಯಾ ನೋಡಿಕೊಂಡೆ. ಕಾಪಿ ನಡುವೆ ಕರೆಂಟ್ ಹೋದರೆ ಡಿಸ್ಕ್ ನಿಂತು ಮತ್ತೆ ತಿರುಗಬೇಕು, ಮತ್ತೆ ತಿರುಗದೇ ಹೋಗುವ ಅಪಾಯ ಆಗಲೇ ಜಾಸ್ತಿ. ಆಮೇಲೆ ಹೊಸ 2 ಟಿಬಿ ಡಿಸ್ಕ್‌ಗೆ ಅವಸರದ ಕೆಲಸ ಮೊದಲು ತೆಗೆದೆ. ಪ್ರೆಸ್ಸಿಗೆ ಹೋಗಬೇಕಿದ್ದ ಸಂಘದ ವರದಿ, ಮದುವೆ ಹತ್ತಿರವಿದ್ದ ಪತ್ರಿಕೆಗಳು. ಪೇಜ್‌ಮೇಕರ್ ಫೈಲ್ ಒಂದನ್ನೇ ತೆಗೆದರೆ ಸಾಲದು. ಅದಕ್ಕೆ ಜೋಡಿಸಿದ ಫೋಟೋಗಳೂ ಬೇಕು, ನುಡಿ, ಶ್ರೀಲಿಪಿ ಅನ್ನುವ ಕನ್ನಡ ಸಾಫ್ಟ್‌ವೇರ್‌ಗಳ ಹಳೆ ಫಾಂಟ್‌ಗಳೂ ಬೇಕು. ಆ ಫಾಂಟ್ ಇಲ್ಲದೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹಾಗಾಗಿ ಫೋಲ್ಡರ್‌ಗೆ ಫೋಲ್ಡರ್ ತೆಗೆದೆ. ಕಟ್ ಮಾಡುವ ಮಾತೇ ಇಲ್ಲ, ಕಾಪಿ ಮಾತ್ರ. ಮೂಲದ ಮೇಲೆ ಒಂದಕ್ಷರವನ್ನೂ ಬರೆಯಬಾರದು.

ಇದಕ್ಕೆ ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಅನ್ನುವ ಕಾಪಿ ಆಜ್ಞೆ ಬಳಸಿದೆ. ಒಂದು ಎಚ್ಚರಿಕೆ. ಸುಮ್ನೆ ಓಡಿಸಿದರೆ ಅದು ಓದಲಾಗದ ಫೈಲನ್ನು 10 ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಕಾದು ಪ್ರಯತ್ನಿಸುತ್ತದೆ. ಮರುಪ್ರಯತ್ನದ ‘ಆರ್’ ಅನ್ನು 0ಗೆ, ಕಾಯುವ ಸೆಕೆಂಡಿನ ‘ಡಬ್ಲ್ಯೂ’ ಅನ್ನು 1ಕ್ಕೆ ಇಳಿಸಿ. ಆಗ ಕೆಟ್ಟ ಫೈಲನ್ನು ದಾಟಿ ಮುಂದೆ ಹೋಗುತ್ತದೆ.

ಮುಖ್ಯವಾದದ್ದು ಈಚೆ ಬಂದ ಮೇಲೆ ಇನ್ನೊಂದು ಖಾಲಿ ಡಿಸ್ಕ್‌ಗೆ ಇಡೀ ಡಿಸ್ಕ್‌ನ ಪಡಿಯಚ್ಚು ತೆಗೆದೆ. ಪೆನ್ ಡ್ರೈವ್‌ನಿಂದ ಲಿನಕ್ಸ್ (ವಿಂಡೋಸ್ ಬದಲಿಗೆ ಓಡುವ ಪುಕ್ಕಟೆ ವ್ಯವಸ್ಥೆ) ಬೂಟ್ ಮಾಡಿ ಜಿಎನ್‌ಯು ಡಿಡಿರೆಸ್ಕ್ಯೂ ಓಡಿಸಿದೆ. ನನಗೆ ಈ ಸಾಫ್ಟ್‌ವೇರ್ ಮೇಲೆ ತುಂಬಾ ಗೌರವ. ಚೆನ್ನಾಗಿರುವ ಜಾಗವನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ಕೆಟ್ಟ ಜಾಗ ಸಿಕ್ಕರೆ ಹಾರಿ ಮುಂದೆ ಹೋಗುತ್ತದೆ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಅನ್ನುವುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಮಧ್ಯೆ ನಿಲ್ಲಿಸಿದರೂ ಬಿಟ್ಟಲ್ಲಿಂದ ಶುರು. ಆ ಮ್ಯಾಪ್ ಫೈಲ್ ಬೇರೆ ಡಿಸ್ಕ್‌ನಲ್ಲಿರಬೇಕು. ಮೊದಲ ಸುತ್ತಿಗೆ ‘ಎನ್’ ಆಯ್ಕೆ ಕೊಟ್ಟೆ, ಕೆಟ್ಟ ಜಾಗವನ್ನು ಕೆರೆಯುವ ಕೆಲಸವನ್ನು ಅದು ಮುಂದಕ್ಕೆ ಹಾಕುತ್ತದೆ. ಎರಡನೇ ಸುತ್ತಿನಲ್ಲಿ ಮರುಪ್ರಯತ್ನ. ಯಾವುದು ಮೂಲ, ಯಾವುದು ಹೊಸದು ಅನ್ನುವುದನ್ನು ಸೀರಿಯಲ್ ನಂಬರ್ ಓದಿ ಖಚಿತ ಮಾಡಿಕೊಳ್ಳಿ. ತಿರುಗಾಮುರುಗಾ ಆದರೆ ಖಾಲಿ ಡಿಸ್ಕ್ ಬಂದು ನಿಮ್ಮ ಫೈಲ್‌ಗಳ ಮೇಲೆ ಕೂರುತ್ತದೆ.

ಒಳ್ಳೆ ಡಿಸ್ಕ್ ಆಗಿದ್ದರೆ ಸೆಕೆಂಡಿಗೆ 100 ಎಂಬಿಯಂತೆ 1 ಟಿಬಿ ಮೂರು ಗಂಟೆಯೊಳಗೆ ಮುಗಿಯುತ್ತದೆ. ಇದು ಹಾಗಲ್ಲ. ಹೆಚ್ಚಿನ ಭಾಗ ಸರಾಗವಾಗಿ ಬಂತು, ಕೊನೆಯ ಚೂರುಪಾರು ಜಾಗಕ್ಕೆ ರಾತ್ರಿಯಿಡೀ ಹಿಡಿಯಿತು. ಪರದೆಯ ಮೇಲೆ ‘ಕೊನೆಯ ಸಲ ಓದಿದ್ದು ಎಷ್ಟು ಹೊತ್ತಿನ ಹಿಂದೆ’ ಅನ್ನುವ ಸಾಲು ನಿಮಿಷಗಟ್ಟಲೆ ಏರುತ್ತಾ ಹೋಗುತ್ತದೆ, ಮತ್ತೆ ಸೊನ್ನೆಗೆ ಬರುತ್ತದೆ. ಒಂದು ಚೂರು ಸಿಕ್ಕಿತು ಅಂತ ಅರ್ಥ.

ಓದಲಾಗದ ಜಾಗ ಯಾವ ಫೈಲ್‌ಗೆ ಸೇರಿದ್ದು? ಅದಕ್ಕೂ ದಾರಿ ಇದೆ. ಡಿಡಿರೆಸ್ಕ್ಯೂಗೆ ‘ಫಿಲ್’ ಅನ್ನುವ ಆಯ್ಕೆ ಕೊಟ್ಟು, ಪಡಿಯಚ್ಚಿನಲ್ಲಿ ಆ ಖಾಲಿ ಜಾಗಗಳಿಗೆ ಯಾವ ಫೈಲ್‌ನಲ್ಲೂ ಇರದ ಒಂದು ಪದವನ್ನು ತುಂಬಿಸಿದೆ. ಆಮೇಲೆ ಎಲ್ಲ ಫೈಲ್‌ಗಳಲ್ಲೂ ಆ ಪದ ಹುಡುಕಿದೆ. ಕೆಟ್ಟವು ಒಂದಿಷ್ಟು ಹಳೆ ಫೋಟೋಗಳು, ಒಂದು ಸ್ಮರಣ ಸಂಚಿಕೆಯ ಅಧ್ಯಾಯ. ಆ ಸಂಚಿಕೆಯವರಿಗೆ ಅವತ್ತೇ ಫೋನ್ ಮಾಡಿ ತಿಳಿಸಿದೆ. ಅವರ ಹತ್ತಿರ ಅಚ್ಚಾದ ಪ್ರತಿ ಇತ್ತು, ಮತ್ತೆ ಟೈಪ್ ಮಾಡಿಕೊಟ್ಟೆವು.

ಇಷ್ಟೆಲ್ಲ ಮಾಡಬಹುದಾದ್ದು ಡಿಸ್ಕ್ ಇನ್ನೂ ಓದುತ್ತಿದ್ದರೆ ಮಾತ್ರ. ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬಂದರೆ ಕರೆಂಟ್ ತೆಗೆದುಬಿಡಿ. ಓದುವ ಹೆಡ್ ಕೆಟ್ಟು ಒಳಗೆ ತಿರುಗುವ ತಟ್ಟೆಗೆ ತಾಗುತ್ತಿದ್ದರೆ, ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆಯ ಮೇಲೆ ಹೊಸ ಗೀರು ಬೀಳುತ್ತದೆ. ಅದನ್ನು ಧೂಳಿಲ್ಲದ ಕೋಣೆಯಿರುವ ಲ್ಯಾಬ್‌ನಲ್ಲೇ ಬಿಚ್ಚಬೇಕು. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವ ಮಾತು ಕೇಳಿ ಹಾಗೆ ಮಾಡಬೇಡಿ, ಈಚೆ ತೆಗೆದ ಮೇಲೆ ತಟ್ಟೆಯ ಮೇಲೆ ನೀರಿನ ಪಸೆ ಕೂರಬಹುದು. ಎಸ್‌ಎಸ್‌ಡಿ ಆದರೆ ಸದ್ದೇ ಇರುವುದಿಲ್ಲ, ಎಷ್ಟೋ ಸಲ ಸೂಚನೆಯೂ ಇಲ್ಲದೆ ಹೋಗಿಬಿಡುತ್ತದೆ. ಅದಕ್ಕೆ ಮೊದಲೇ ಬ್ಯಾಕಪ್ ಇಟ್ಟುಕೊಳ್ಳುವುದೊಂದೇ ದಾರಿ.

ಹಳೆ ಡಿಸ್ಕ್ ವಾರಂಟಿಯಲ್ಲಿತ್ತು. ಆದರೆ ವಾರಂಟಿಗೆ ಕೊಟ್ಟರೆ ಬರುವುದು ಬೇರೆ ಡಿಸ್ಕ್, ನಮ್ಮ ಫೈಲ್ ಅಲ್ಲ. ಅದರಲ್ಲಿ ಜನರ ಆಧಾರ್ ಕಾರ್ಡ್, ಪಹಣಿಗಳ ಸ್ಕ್ಯಾನ್ ಇದ್ದವು. ಆ ದುಡ್ಡು ಹೋದರೂ ಪರವಾಗಿಲ್ಲ ಅಂತ ಕೊಡಲಿಲ್ಲ. ಗಿರಾಕಿಗಳೆಲ್ಲ ತಮ್ಮ ಫೈಲ್ ನೋಡಿಕೊಳ್ಳುವವರೆಗೂ ಇಟ್ಟುಕೊಂಡಿದ್ದು, ಆಮೇಲೆ ಬಿಚ್ಚಿ ತಟ್ಟೆಗಳಿಗೆ ಡ್ರಿಲ್ ಹಾಕಿಸಿ ಗುಜರಿಗೆ ಕೊಟ್ಟೆ.